ಸುಣ್ಣದ ಗೆರೆಯ ಮನೆ

ನಮ್ಮ ಮನೆಯವರು ಪ್ರಭುಲಿಂಗ. ಬನಹಟ್ಟಿಯಲ್ಲಿ ಸೀರೆ ನೇಯಿಸಿ ಮಾರುವವರು. ಯಾವುದನ್ನೂ ಮುಂದಿನಿಂದ ನೋಡಿ ನಂಬಬಾರದು, ತಿರುವಿ ಹಿಂಬದಿ ನೋಡಬೇಕು ಎಂಬುದು ಅವರ ಸಿದ್ಧಾಂತ. ಸೀರೆಯನ್ನು ಹಾಗೇ ನೋಡುತ್ತಾರೆ, ಸಂತೆಯಲ್ಲಿ ಬದನೆಕಾಯಿಯನ್ನೂ ಹಾಗೇ ನೋಡುತ್ತಾರೆ. ನನ್ನನ್ನು ನೋಡಲು ಬಂದ ದಿನ ಪಡಸಾಲೆಯಲ್ಲಿ ಕೂತು ಚಹಾ ಕುಡಿಯುವುದನ್ನು ಬಿಟ್ಟು, ಕೈ ತೊಳೆಯುವ ನೆಪದಲ್ಲಿ ನಮ್ಮಪ್ಪನ ಹಿತ್ತಲಿಗೆ ಹೋಗಿ ಬಂದಿದ್ದರು. ಹಿತ್ತಲು ಸ್ವಚ್ಛವಾಗಿತ್ತು. ಮದುವೆಯಾಯಿತು.

ಇಂಥವರು ಜಮಖಂಡಿ ರಸ್ತೆಯ ಪ್ಲಾಟಿನಲ್ಲಿ ಹೊಸ ಮನೆ ಕಟ್ಟಿಸುತ್ತೇನೆಂದು ಹೊರಟರು. ಎಲ್ಲರ ಹಾಗೆ ಅಲ್ಲ, ನಮಗೆ ಬೇಕಾದ ಹಾಗೆ, ನಮ್ಮ ಮನಸ್ಸಿಗೆ ಬಂದ ಹಾಗೆ. ಈ 'ನಮ್ಮ' ಎಂಬುದರಲ್ಲಿ ನಾನು ಇದ್ದೇನೋ ಇಲ್ಲವೋ ಎಂಬುದೊಂದೇ ನನ್ನ ಚಿಂತೆ.

ಏಕೆಂದರೆ ನನಗೂ ಒಂದು ಆಸೆಯಿತ್ತು. ನಾನು ಓಣಿಯ ಹೆಂಗಸರಿಗೆಲ್ಲ ಬ್ಲೌಜು ಹೊಲಿಯುತ್ತೇನೆ. ಹಳೆಯ ಮನೆಯಲ್ಲಿ ನನ್ನ ಹೊಲಿಗೆ ಮಷಿನ್ ಇದ್ದದ್ದು ಪಡಸಾಲೆಗೂ ಅಡುಗೆಮನೆಗೂ ನಡುವಿನ ಸಂದಿಯಲ್ಲಿ. ಅತ್ತೆ ಬಚ್ಚಲಿಗೆ ಹೊರಟರೆ ನಾನು ಏಳಬೇಕು. ಇವರು ನೀರು ಕುಡಿಯಲು ಬಂದರೆ ಏಳಬೇಕು. ಬೀಗರು ಬಂದರೆ ಮಷಿನ್ನಿನ ಮೇಲೆ ಚಾದರ ಹೊದಿಸಿ ಅದರ ಮೇಲೆ ಚಹಾದ ತಟ್ಟೆ ಇಡುತ್ತಿದ್ದರು. ನನಗೊಂದು ಸಣ್ಣ ಖೋಲಿ ಬೇಕಾಗಿತ್ತು. ಮಷಿನ್ ಹಿಡಿಸಿದರೆ ಸಾಕು, ಒಂದು ಕಿಟಕಿ ಇದ್ದರೆ ಸಾಕು. ಆದರೆ ಬಾಗಿಲು ಇರಲೇಬೇಕು. ಇದನ್ನು ಇವರಿಗೆ ಹೇಳಿದೆ.

"ನೋಡೂಣಂತ" ಅಂದರು.

ನಮ್ಮ ಮನೆಯಲ್ಲಿ ಎಂದೂ ನೋಡಬಾರದ ವಿಷಯಗಳಿಗೆ 'ನೋಡೂಣಂತ' ಎನ್ನುವುದು ರೂಢಿ.

ಮೊದಲು ನಂಬಿಗಸ್ಥ ಗುತ್ತಿಗೆದಾರ ಬೇಕಿತ್ತು. ಇವರು ಮುಧೋಳಕ್ಕೆ ಹೋದರು, ಜಮಖಂಡಿಗೆ ಹೋದರು, ಹೊಸ ಮನೆ ಕಂಡಲ್ಲೆಲ್ಲ ಮೋಟರ್‌ಸೈಕಲ್ ನಿಲ್ಲಿಸಿ ಸೀದಾ ಹಿಂಬದಿಗೆ ನಡೆದರು. ಮುಧೋಳದಲ್ಲಿ ಒಬ್ಬ ಮುದುಕಿ ಕಳ್ಳನೆಂದು ತಿಳಿದು ಕಸಬರಿಗೆ ಎತ್ತಿದ್ದಳಂತೆ. ಗುತ್ತಿಗೆದಾರರೂ ನಮ್ಮ ಮನೆಗೆ ಬಂದರು. ಒಬ್ಬ ಮೊಬೈಲಿನಲ್ಲಿ ಮುನ್ನೂರು ಫೋಟೋ ತೋರಿಸಿದ, ಅದರಲ್ಲಿ ಅರ್ಧ ಅವನದೇ ಮುಖ. ಇನ್ನೊಬ್ಬ ಬಂದವನೇ ಅತ್ತೆಯ ಕಾಲಿಗೆ ಬಿದ್ದ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಪ್ರತಿಯೊಬ್ಬನೂ ತಾನೇ ನಿನ್ನೆ ರಾತ್ರಿ ಕೂತು ಕಟ್ಟಿದವನ ಹಾಗೆ ಹೇಳಿದ. ಇವರಿಗೆ ಯಾರೂ ಒಪ್ಪಿಗೆಯಾಗಲಿಲ್ಲ.

ಹೋದಲ್ಲೆಲ್ಲ ಒಂದು ಹೆಸರು ಮಾತ್ರ ಕೇಳಿಬಂತು. ಜಮಖಂಡಿಯ ಮುರಗೆಪ್ಪ. ಅವನು ಕಟ್ಟಿದ ಮನೆಯ ಹಿಂಬದಿ ಮುಂಬದಿಗಿಂತ ಚೆಂದ ಎಂದು ಇವರೇ ಬಂದು ಹೇಳಿದರು. ಆದರೆ ಒಂದು ತೊಡಕಿತ್ತು. ಮುರಗೆಪ್ಪ ಎಲ್ಲರಿಗೂ ಕಟ್ಟಿಕೊಡುವುದಿಲ್ಲ, ಬಂದು ಮನೆಮಂದಿಯನ್ನು ನೋಡುತ್ತಾನೆ, ಮನಸ್ಸಿಗೆ ಬಂದರೆ ಮಾತ್ರ ಹೂಂ ಅನ್ನುತ್ತಾನೆ. ಇದನ್ನು ಕೇಳಿದ ಮೇಲೆ ಇವರಿಗೆ ಊಟ ಸೇರದಾಯಿತು. ವ್ಯಾಪಾರಸ್ಥರು ನೋಡಿ, ಕೊಡುವುದಿಲ್ಲ ಅಂದ ಮಾಲೇ ಬೇಕು.

ಮುರಗೆಪ್ಪ ಬರುವ ದಿನ ಗೊತ್ತಾಯಿತು. ಹೊಸ ಮನೆ ಕಟ್ಟಿಸುವುದಕ್ಕಾಗಿ ಹಳೆಯ ಮನೆಗೆ ಬಣ್ಣ ಹಚ್ಚಿಸಿದವರು ಬನಹಟ್ಟಿಯಲ್ಲಿ ನಾವೇ ಇರಬೇಕು. ನಾನು ಚುರುಮುರಿ ಸುಸಲಾ ಮಾಡಿದೆ, ಮಿರ್ಚಿ ಭಜಿ ಕರಿದೆ. ಅತ್ತೆ ಮುತ್ತವ್ವ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟರು. ಇವರು ಹಣೆಗೆ ವಿಭೂತಿ ಹಚ್ಚಿಕೊಂಡು, ಹಲ್ಲು ಕಾಣುವ ಹಾಗೆ ನಗುವುದನ್ನು ಕನ್ನಡಿಯ ಮುಂದೆ ಎರಡು ಸಲ ರೂಢಿ ಮಾಡಿದರು.

ಬುಲೆಟ್ ಗಾಡಿಯ ಸದ್ದು ಮುಂದೆ, ಹೊಟ್ಟೆ ಅದರ ಹಿಂದೆ, ಮುರಗೆಪ್ಪ ಆಮೇಲೆ. ತನ್ನ ಹೆಸರಿನ ತೂಕ ತನಗೇ ಚೆನ್ನಾಗಿ ಗೊತ್ತಿದ್ದ ಮನುಷ್ಯ. ಸೋಫಾ ತೋರಿಸಿದರೆ ಕೂರಲಿಲ್ಲ.

"ಕೈ ತೊಳ್ಕೊಂಡ ಬರ್ತೇನ್ರಿ" ಎಂದವನೇ ಹಿತ್ತಲಿಗೆ ನಡೆದುಬಿಟ್ಟ.

ಇವರ ಮುಖ ಬಿಳಿಚಿಕೊಂಡಿತು. ಹಿತ್ತಲಿನಲ್ಲಿ ಒಡೆದ ಮಗ್ಗದ ಸಾಮಾನು, ಹರಕು ಚೀಲ, ಅತ್ತೆ ಎಸೆಯಗೊಡದ ಹಳೆಯ ಹಂಡೆ, ಎಲ್ಲವೂ ಇದ್ದವು. ಬಣ್ಣ ಹಚ್ಚಿಸಿದ್ದು ಮುಂದಿನ ಗೋಡೆಗೆ ಮಾತ್ರ. ನನಗೆ ಆ ಹೊತ್ತಿಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಮುರಗೆಪ್ಪ ಬಂದು ಕೂತು ಭಜಿ ಮುರಿಯುತ್ತಾ ಕೇಳಿದ: "ಸಾವ್ಕಾರ್ರ, ನಿಮ್ಮ ಮನ್ಯಾಗ ಮಾತು ಯಾರದು ನಡೀತೈತ್ರಿ?"

"ಎಲ್ಲಾರ್ದೂ ನಡೀತೈತ್ರಿ" ಅಂದರು ಇವರು.

"ನಂದಂತೂ ನಡ್ಯಾಂಗಿಲ್ಲಪಾ" ಎಂದಿತು ಒಳಗಿನಿಂದ ಅತ್ತೆಯ ದನಿ.

ಮುರಗೆಪ್ಪ ನನ್ನ ಕಡೆ ನೋಡಿದ. ನಾನು ಚಹಾ ತರಲು ಎದ್ದು ಹೋದೆ. ಅವನು ಇವರ ಕೈಯಿಂದ ನಕ್ಷೆ ಇಸಿದುಕೊಂಡು ನೋಡಿದ. ದೊಡ್ಡ ಹಾಲ್, ದೇವರ ಮನೆ, ಅಡುಗೆಮನೆ, ನಮಗೊಂದು ಖೋಲಿ, ಅತ್ತೆಗೊಂದು ಖೋಲಿ, ಮತ್ತೆ ಎಲ್ಲಕ್ಕಿಂತ ಗಾಳಿ ಬೆಳಕು ಇರುವ ಮೂಲೆಯಲ್ಲಿ ಒಂದು ಗೆಸ್ಟ್ ರೂಮ್. ಸೋಲಾಪುರ, ಬೆಳಗಾವಿಯಿಂದ ಸೀರೆ ಕೊಳ್ಳುವ ಪಾರ್ಟಿಗಳು ಬಂದರೆ ಇಳಿದುಕೊಳ್ಳಲು ಎಂದು ಇವರು ವಿವರಿಸಿದರು. ಆ ಪಾರ್ಟಿಗಳು ಇಷ್ಟು ವರ್ಷ ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದವರು. ಒಬ್ಬರೂ ನಮ್ಮ ಮನೆಯಲ್ಲಿ ಚಾಪೆ ಕೇಳಿದವರಲ್ಲ.

"ಒಂದ ಕೆಲಸಾ ಮಾಡೂಣು" ಅಂದ ಮುರಗೆಪ್ಪ. "ಈ ನಕ್ಷಾ ಇದ್ದಂಗ ನಿಮ್ಮ ಪ್ಲಾಟಿನ್ಯಾಗ ಸುಣ್ಣದ ಪುಡಿಲೆ ಗೆರಿ ಹಾಕಸ್ತೇನಿ. ಐತ್ವಾರ ಒಂದಿನಾ ಎಲ್ಲಾರೂ ಅದರಾಗ ಬಾಳೇವು ಮಾಡ್ರಿ. ಅಡಗಿ ಅಲ್ಲೇ, ಊಟಾ ಅಲ್ಲೇ. ಸಂಜಿಗೆ ಬಂದ ನಾ ಹೇಳ್ತೇನಿ, ಕಟ್ಟೂದೋ ಬಿಡೂದೋ."

ಐತ್ವಾರ ಬಂತು. ಬಯಲಿನಲ್ಲಿ ಬಿಳಿ ಗೆರೆಗಳ ಮನೆ. ಗೋಡೆಯಿಲ್ಲ, ಮಾಡಿಲ್ಲ. ಬಾಗಿಲು ಇರಬೇಕಾದಲ್ಲಿ ಗೆರೆ ತುಂಡಾಗಿತ್ತು. ಅತ್ತೆ ಆ ತುಂಡಿನ ಮುಂದೆ ಅರಿಷಿಣ ಕುಂಕುಮ ಹಾಕಿ, ಬಲಗಾಲಿಟ್ಟು ಒಳಗೆ ಬಂದರು. ಇವರು ಹಾಲಿನ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಫೋನ್ ಹಿಡಿದರು. ಒಲೆಯ ಹತ್ತಿರ ಬರಬೇಕಾದರೆ ಗೆರೆ ದಾಟದೆ, ನಡುವಿನ ಓಣಿಯಂಥ ಜಾಗದಲ್ಲಿ ಸುತ್ತಿ ಬಾಗಿಲಿನಿಂದಲೇ ಬರುತ್ತಿದ್ದರು. ಭಜಿಯ ವಾಸನೆ ಹೊಡೆದಾಗ ಮಾತ್ರ ಎರಡು ಗೋಡೆ ಹಾಯ್ದು ನೇರ ಬಂದರು.

ಪಕ್ಕದ ಓಣಿಯ ರುಕ್ಮವ್ವ ನೋಡಲು ಬಂದಳು. ನಾವು ಮೂವರೂ ಅವಳ ಕಣ್ಣೆದುರಿಗೇ ಇದ್ದೇವೆ. ಆದರೂ ಗೆರೆಯ ಹೊರಗೆ ನಿಂತು, "ಮುತ್ತವ್ವಾರ ಮನ್ಯಾಗ ಅದೀರೇನ್ರೀ?" ಎಂದು ಕೂಗಿದಳು.

"ಬಾರವಾ ಒಳಗ, ಬಾಗಲಾ ತಗದೈತಿ" ಅಂದರು ಅತ್ತೆ.

ಮಧ್ಯಾಹ್ನದ ಹೊತ್ತಿಗೆ ಬಾಳೇವು ಖರೆ ಬಾಳೇವಿನಂತೆಯೇ ಆಯಿತು. ಅತ್ತೆಗೆ ತಮ್ಮ ಖೋಲಿಯಲ್ಲಿ ಮಲಗಿದರೂ ಅಡುಗೆಮನೆ ಕಾಣಬೇಕಂತೆ. ಕಂಡರೆ ದಿನವಿಡೀ ಉಪ್ಪು ಖಾರದ ಹುಕುಂ ನಡೆಯುತ್ತದೆ ಎಂದು ಇವರಿಗೆ ಭಯ. ಎತ್ತು ಏರಿಗೆ, ಕೋಣ ನೀರಿಗೆ. ಇವರು ನನ್ನನ್ನು ನಮ್ಮ ಖೋಲಿಯೊಳಗೆ ಕರೆದು, "ಮುದುಕೀದು ಅತೀ ಆತು, ಎಲ್ಲಾದರಾಗೂ ಬಾಯಿ ಹಾಕ್ತಾಳ" ಅಂದರು.

"ಏನೋ ಅಂದಿ?" ಅಂದರು ಅತ್ತೆ, ಎಂಟು ಹೆಜ್ಜೆ ಆಚೆಯಿಂದ.

"ಎವ್ವಾ, ನಡುವ ಗ್ವಾಡಿ ಐತಿ! ನಿಂಗ ಕೇಳಸಬಾರದು!"

"ಗ್ವಾಡಿ ಎಲ್ಲೈತೋ ಮೂಳಾ, ಸುಣ್ಣಾ ಐತಿ!"

ನಾನು ಒಂದು ಬ್ಲೌಜು ತಂದಿದ್ದೆ, ಕೈಯಿಂದ ಅಂಚು ಹೊಲಿಯುವುದಿತ್ತು. ಅಡುಗೆಮನೆಯಲ್ಲಿ ಕೂತೆ, ಅತ್ತೆ ಬಂದು ಮೊಸರಿನ ಗಡಿಗೆ ಇಟ್ಟರು. ಹಾಲಿಗೆ ಹೋದೆ, ಇವರು ಫೋನಿನಲ್ಲಿ ಕೂಗುತ್ತಿದ್ದರು. ನಡುವಿನ ಓಣಿಯಲ್ಲಿ ಕೂತೆ, "ಸ್ವಲ್ಪ ಸರೀ" ಅಂದರು. ಗೆಸ್ಟ್ ರೂಮಿನಲ್ಲಿ ಕೂರೋಣವೆಂದು ಹೊರಟರೆ, "ಏ ನಂದಾ, ಅಲ್ಲಿ ದಾರದ ತುಣುಕು ಚೆಲ್ಲಬ್ಯಾಡ" ಅಂದರು ಇವರು. ಮಣ್ಣಿನ ನೆಲ, ಗೋಡೆಯಿಲ್ಲದ ಖೋಲಿ, ಬಾರದ ಅತಿಥಿ, ಅಲ್ಲಿ ದಾರದ ತುಣುಕು ಚೆಲ್ಲಬಾರದು! ಸುಮ್ಮನೆ ಎದ್ದು, ಪಕ್ಕದ ಪ್ಲಾಟಿನ ಬೇವಿನ ಗಿಡದ ಕೆಳಗೆ ಹೋಗಿ ಕೂತೆ. ಯಾರೂ ಕೇಳಲಿಲ್ಲ.

ಸಂಜೆ ಮುರಗೆಪ್ಪ ಬಂದ. ಮನೆಯ ನಡುವೆ ನಿಂತು ಒಬ್ಬೊಬ್ಬರನ್ನೇ ಕೇಳಿದ. ಇವರು ಹಾಲ್ ಭಾರೀ ಛಲೋ ಅಂದರು. ಅತ್ತೆ ದೇವರ ಮನೆ ಛಲೋ, ಉಳಿದದ್ದು ಸುಟ್ಟುಹೋಗಲಿ ಅಂದರು.

"ವೈನಿಯಾರ ಎಲ್ಲ್ಯಾರ್ರಿ?"

"ಇಲ್ಲೇ ಅದೇನ್ರಿ" ಅಂದೆ ಗಿಡದ ಕೆಳಗಿನಿಂದ.

"ಯಾವಾಗಿಂದ ಅಲ್ಲಿ ಕುಂತೀರಿ?"

"ಅಕಿಗೆ ಗಾಳಿ ಬೇಕ್ರಿ" ಎಂದು ಇವರೇ ಉತ್ತರ ಕೊಟ್ಟರು.

ಅಲ್ಲಿಯವರೆಗೆ ತಡೆದಿದ್ದೆ. ಆ ಮಾತಿಗೆ ಸೂಜಿಯನ್ನು ಬ್ಲೌಜಿಗೆ ಚುಚ್ಚಿಟ್ಟೆ. "ನನಗ ಗಾಳಿ ಬ್ಯಾಡ್ರಿ, ಬಾಗಲಾ ಬೇಕು. ಮಷಿನ್ ಇಡಾಕ ಒಂದ ಸಣ್ಣ ಖೋಲಿ ಬೇಕು. ಆ ಗೆಸ್ಟ್ ರೂಮಿನ್ಯಾಗ ಅರ್ಧಾ ಕೊಟ್ರ ಸಾಕು."

"ನಾಳೆ ಯಾರರ ಪಾರ್ಟಿ ಬಂದ್ರ ಎಲ್ಲಿ ಮಲಗಸೂದು?" ಅಂದರು ಇವರು.

"ಇಲ್ಲೀತನಕಾ ಯಾರ ಬಂದ ಮಲಗ್ಯಾರ್ರಿ?"

"ಖೋಲೀನ ಇಲ್ಲ, ಹೆಂಗ ಮಲಗ್ತಾರ?"

ಮುರಗೆಪ್ಪ ಕೈಯಲ್ಲಿದ್ದ ಅಳತೆಯ ಟೇಪನ್ನು ಸರ್ರನೆ ಸುತ್ತಿ ಕಿಸೆಗೆ ಹಾಕಿದ. "ಸಾವ್ಕಾರ್ರ, ನಾ ಈ ಮನಿ ಕಟ್ಟೂದಿಲ್ರಿ. ಮನೀ ಹೆಣ್ಣಮಗಳು ಮನೀ ಹೊರಗ ಕುಂತಾಳ. ನೀವು ನೀವು ಮೊದಲ ಒಂದ ಮಾತಿಗೆ ಬರ್ರಿ, ಆಮ್ಯಾಲ ಕರೀರಿ." ಬುಲೆಟ್ ಸದ್ದು ಮಾಡುತ್ತಾ ಜಮಖಂಡಿಯ ಕಡೆ ಹೋಯಿತು.

ಕೇಳಿದವರೆಲ್ಲ ಆ ಮನುಷ್ಯನನ್ನು ಹೊಗಳುತ್ತಾರೆ. ನನಗೆ ಮಾತ್ರ ಅವನ ಮೇಲೂ ಸಿಟ್ಟು ಬಂತು. ನನ್ನ ಸಂಕಟ ಕಂಡುಹಿಡಿದ, ನಾಲ್ಕು ಜನರ ಮುಂದೆ ಹೇಳಿದ, ಎದ್ದು ಹೋದ. ಖರೆ ಹೇಳಿ ಹೋದರೆ ಗೋಡೆ ಏಳುತ್ತದೆಯೇ? ಅವನ ಹೆಸರು ಇನ್ನಷ್ಟು ದೊಡ್ಡದಾಯಿತು, ನಾನು ಮತ್ತೆ ಸಂದಿಯಲ್ಲೇ ಉಳಿದೆ.

ಊರಲ್ಲಿ ಸುದ್ದಿಯಾಯಿತು. ಹೆಣ್ಣಿನ ಕಡೆಯವರು ಒಲ್ಲೆ ಅಂದ ವರನ ಸ್ಥಿತಿ ಇವರದು. ಯಾರು ಕೇಳಿದರೂ, "ನಾವ ಬ್ಯಾಡ ಅಂದ್ವಿ. ಹಿಂಬದಿ ನೋಡಿದ್ನಿ, ಛಲೋ ಇರಲಿಲ್ಲ" ಎನ್ನತೊಡಗಿದರು. ಮುಂದಿನ ವಾರವೇ ಬೀಳಗಿಯಿಂದ ಬಸವಕುಮಾರ ಎಂಬ ಗುತ್ತಿಗೆದಾರನನ್ನು ಕರೆತಂದರು. ಮುರಗೆಪ್ಪನ ಪೆಟ್ಟು ಹಸಿಯಾಗಿತ್ತಲ್ಲ, ಎದುರು ಮಾತಾಡದವನು ಬೇಕಾಗಿತ್ತು. ಬಸವಕುಮಾರನಿಗೆ ಬರುತ್ತಿದ್ದ ಮಾತು ಒಂದೇ.

"ಯುಗಾದಿಯೊಳಗ ಮುಗೀತೈತಿ?"

"ಆತ್ರಿ."

"ಇಲ್ಲಾಂದ್ರ ದೀಪಾವಳಿ?"

"ಅದೂ ಆತ್ರಿ."

"ಈ ಕಂಬಾ ಆ ಕಡೆ ಬೇಕಂದ್ರ?"

"ಆತ್ರಿ, ಅದರಾಗೇನೈತ್ರಿ."

"ಹೌದಪ್ಪನ ಚಾವಡ್ಯಾಗ ಹೌದಪ್ಪ, ಅಲ್ಲಪ್ಪನ ಚಾವಡ್ಯಾಗ ಅಲ್ಲಪ್ಪ" ಎಂದು ಅತ್ತೆ ಗೊಣಗಿದರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಇಡೀ ಜಿಲ್ಲೆಯ ಮನೆಗಳನ್ನು ತಿರುವಿ ನೋಡಿದವರು ಬಸವಕುಮಾರ ಕಟ್ಟಿದ ಒಂದು ಮನೆಯನ್ನೂ ಮುಂದಿನಿಂದ ಸಹ ನೋಡಲಿಲ್ಲ.

ಕೆಲಸ ಶುರುವಾಯಿತು. ಇವರು ದಿನಾ ಮುಂಜಾನೆ ಸೈಟಿಗೆ ಹೋಗಿ ಜಲ್ಲಿಯ ಗುಡ್ಡೆಯ ಮುಂದೆ ನಿಂತು ಫೋನ್ ಮಾಡುತ್ತಿದ್ದರು. "ದಾರ್ಯಾಗ ಅದೇನ್ರಿ" ಎಂದು ಉತ್ತರ ಬರುತ್ತಿತ್ತು. ಬೀಳಗಿಯ ದಾರಿ ಅಷ್ಟು ಉದ್ದವೆಂದು ನಮಗೆ ಗೊತ್ತಿರಲಿಲ್ಲ. ಬಸವಕುಮಾರ ಬರುತ್ತಿದ್ದದ್ದು ಸಂಜೆ, ಇವರು ಅಂಗಡಿಯಲ್ಲಿದ್ದಾಗ. ಹೇಗೋ ಏನೋ ಕಂಬ ಎದ್ದವು, ಸ್ಲ್ಯಾಬ್ ಬಿತ್ತು. ನಡುವಿನ ಗೋಡೆಗಳು ಏಳುವ ಹೊತ್ತಿಗೆ ಮದುವೆಯ ಸುಗ್ಗಿ ಬಂತು, ಇವರು ಸೀರೆ ಗಂಟು ಕಟ್ಟಿಕೊಂಡು ಸೋಲಾಪುರದ ಕಡೆ ಹೋದರು.

ಗೋಡೆ ಕಟ್ಟುವ ಗೌಂಡಿಗಳಿಗೆ ಸಂಜೆ ಚಹಾ ಒಯ್ಯುವುದು ನನ್ನ ಕೆಲಸ. ಒಂದು ಸಂಜೆ ಬಸವಕುಮಾರ ಸುಮ್ಮನೆ ಉಪಚಾರಕ್ಕೆಂದು ಕೇಳಿದ: "ವೈನಿ, ಅಡಗಿಮನಿ ಕಟ್ಟಿ ಎತ್ತರ ಬರೋಬ್ಬರಿ ಐತೇನ್ರಿ?"

"ಚೂರು ತಗ್ಗಿದ್ರ ಛಲೋ" ಅಂದೆ, ನಾನೂ ಉಪಚಾರಕ್ಕೇ.

"ಆತ್ರಿ" ಅಂದ. ಮರುದಿನ ಹೋಗಿ ನೋಡುತ್ತೇನೆ, ಕಟ್ಟೆ ತಗ್ಗಾಗಿತ್ತು!

ಆ ರಾತ್ರಿ ಯೋಚಿಸಿದೆ. ಈ ಮನುಷ್ಯನಿಗೆ ನಕ್ಷೆಯಲ್ಲ, ಒಡೆಯನಲ್ಲ, ಕೊನೆಗೆ ಯಾರು ಮಾತಾಡಿದರೋ ಅವರೇ ಪ್ರಮಾಣ. ಮುರಗೆಪ್ಪನಂಥವನಿಗೆ ಗಂಡನ ಒಪ್ಪಿಗೆ ಬೇಕು. ಇವನಿಗೆ ಒಂದು ಲೋಟ ಚಹಾ ಸಾಕು. ಇಂಥ ಗುತ್ತಿಗೆದಾರನನ್ನು ಹುಡುಕಿಕೊಟ್ಟದ್ದಕ್ಕೆ ಇವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಮರುಸಂಜೆ ದನಿ ಗಟ್ಟಿ ಮಾಡಿಕೊಂಡು ಹೇಳಿದೆ. "ಈ ಗೆಸ್ಟ್ ರೂಮಿನ ನಡುವ ಒಂದ ಗ್ವಾಡಿ ಎಬ್ಬಸ್ರಿ. ಈ ಕಡೆ ಕಿಟಕಿ. ಇಲ್ಲಿ ಬಾಗಲಾ. ಒಳಗ ಚಿಲಕಾ."

"ಆತ್ರಿ ವೈನಿ."

ಗೋಡೆ ಎದೆಮಟ್ಟ ಬಂದಾಗ ಅತ್ತೆ ನೋಡಲು ಬಂದರು. ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. ಈಗ ಬಯ್ಯುತ್ತಾರೆ ಎಂದು ಕಾದೆ. ಹತ್ತಿರ ಬಂದು ಮೆಲ್ಲಗೆ, "ಅಡಗಿಮನಿ ಕಾಣೂವಂಗ ನನಗೂ ಒಂದ ಕಿಟಕಿ ಹೇಳಬೇ" ಅಂದರು. ಹೇಳಿದೆ. ಅದೂ ಆಯಿತು.

ಇವರು ತಿರುಗಿ ಬಂದರು. ಮರುದಿನವೇ ಹೊಸ ಮನೆ ತೋರಿಸಲು ಗೆಳೆಯ ಗಿರಮಲ್ಲಪ್ಪನನ್ನು ಕರೆದುಕೊಂಡು ಹೊರಟರು. ಗಿರಮಲ್ಲಪ್ಪನೂ ಸೀರೆ ವ್ಯಾಪಾರಿ. ಅವನ ಮುಂದೆ ಸಣ್ಣವರಾಗುವುದಕ್ಕಿಂತ ಇವರು ಕೃಷ್ಣೆಗೆ ಹಾರಿಯಾರು. ನಾನೂ ಹೋದೆ. ನನ್ನ ದುರ್ದೈವಕ್ಕೆ ಅಂದು ಬಸವಕುಮಾರ ಜೀವಮಾನದಲ್ಲಿ ಮೊದಲ ಸಲ ಮುಂಜಾನೆ ಬಂದಿದ್ದ.

ಹಾಲ್ ತೋರಿಸಿದರು. ದೇವರ ಮನೆ ತೋರಿಸಿದರು. "ಇನ್ನ ಗೆಸ್ಟ್ ರೂಮ್ ನೋಡು, ಸೋಲಾಪುರದಾಗೂ ಇಂಥಾದ್ದಿಲ್ಲ" ಎನ್ನುತ್ತಾ ಒಳಗೆ ಕಾಲಿಟ್ಟವರು ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತರು.

"ಇದೇನಿದು? ಇಲ್ಲಿ ಗ್ವಾಡಿ ಯಾರ ಹೇಳಿದ್ರು?"

"ನೀವ ಹೇಳಿದ್ರೆಲ್ರಿ ಸಾವ್ಕಾರ್ರ" ಅಂದ ಬಸವಕುಮಾರ. ಅವನು ಸುಳ್ಳು ಹೇಳಿದ್ದಲ್ಲ. ಯಾರು ಏನು ಹೇಳಿದ್ದರೆಂದು ನೆನಪಿಡುವ ಚಟ ಅವನಿಗಿರಲಿಲ್ಲ, ಎದುರಿಗಿದ್ದವರು ಹೇಳಿದ್ದೆಂದರೆ ಮುಗಿಯಿತು.

ಇವರು ನನ್ನ ಕಡೆ ತಿರುಗಿದರು. ನಾನು ಗೋಡೆ ನೋಡಿದೆ. ಗಿರಮಲ್ಲಪ್ಪ ಇವರನ್ನು ನೋಡುತ್ತಿದ್ದ. ಹೇಳಿಲ್ಲವೆಂದರೆ, ಪ್ರಭುಲಿಂಗನ ಮನೆಯಲ್ಲಿ ಪ್ರಭುಲಿಂಗನಿಗೆ ಗೊತ್ತಿಲ್ಲದೆ ಗೋಡೆ ಏಳುತ್ತದೆ ಎಂದು ಸಂಜೆಯೊಳಗೆ ರಬಕವಿವರೆಗೆ ಸುದ್ದಿ.

"ಹಾಂ... ಹೌದು. ನಾನ ಹೇಳಿದ್ನಿ" ಅಂದರು.

"ಯಾಕೋ?" ಅಂದ ಗಿರಮಲ್ಲಪ್ಪ.

"ಅಕೀ ಮಷಿನ್ ಸಲುವಾಗಿ. ಹೆಣ್ಣಮಕ್ಕಳಿಗೂ ಮನ್ಯಾಗ ಒಂದ ಜಾಗಾ ಬೇಕಾಕ್ಕೈತಿ, ನಿಮಗೆಲ್ಲಾ ತಿಳಿಯೂದಿಲ್ಲ."

ವಾಸ್ತುಶಾಂತಿಯ ದಿನ ಬಂದವರಿಗೆಲ್ಲ ಇದೇ ಕತೆ. ಮೊದಲ ಪಂಕ್ತಿಯವರಿಗೆ ತಡವರಿಸಿ ಹೇಳಿದರು, ಎರಡನೆಯದಕ್ಕೆ ಸರಾಗವಾಗಿ ಹೇಳಿದರು, ಮೂರನೆಯ ಪಂಕ್ತಿ ಏಳುವ ಹೊತ್ತಿಗೆ ತಾವೇ ನಂಬಿದ್ದರು. ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಬಚ್ಚಲ ನೀರು ಬಾಗಿಲ ಕಡೆ ಹರಿಯುತ್ತಿತ್ತು. ಅದರ ನಡುವೆಯೇ, "ಬಸವಕುಮಾರನಂಥಾ ನಂಬಿಗಸ್ಥ ಮನಶ್ಯಾ ಸಿಗೂದಿಲ್ಲ. ನಾ ಊರಾಗಿಲ್ಲಂದ್ರೂ ನನ್ನ ಮನಸ್ಸಿನ್ಯಾಗಿಂದು ಮಾಡಿ ಇಟ್ಟಿದ್ದಾ" ಎಂದು ಮೂವರಿಗೆ ಅವನ ನಂಬರ್ ಕೊಟ್ಟರು.

"ಪುಣ್ಯಾ ಮಾಡಿ ಬಂದೀಯಬೇ ನಂದಾ" ಅಂದಳು ರುಕ್ಮವ್ವ ಮಾದಲಿಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ. "ನಮ್ಮವರೂ ಅದಾರ, ನನಗೊಂದ ಮಣಿ ಕೊಡಸಿಲ್ಲ."

ಕೈಯಲ್ಲಿದ್ದ ತುಪ್ಪದ ಮಿಳ್ಳಿಯನ್ನು ನೆಲಕ್ಕೆ ಕುಕ್ಕಬೇಕೆನಿಸಿತು. ಬದಲಿಗೆ ಅವಳ ಎಲೆಗೆ ಇನ್ನೊಂದು ಮಿಳ್ಳಿ ತುಪ್ಪ ಹಾಕಿದೆ. ಖರೆ ಹೇಳಿದರೆ ಗೋಡೆ ಉಳಿಯುತ್ತಿತ್ತೋ ಇಲ್ಲವೋ! ಖೋಲಿ ನನಗಿರಲಿ, ಹೆಸರು ಅವರು ತಿನ್ನಲಿ ಎಂದುಕೊಂಡೆ. ಹಾಗೆಂದುಕೊಂಡರೂ ಹೊಟ್ಟೆಯೊಳಗಿನ ಉರಿ ಆರಲಿಲ್ಲ.

ಕೊನೆಯ ಪಂಕ್ತಿ ಎದ್ದ ಮೇಲೆ ಕೈ ತೊಳೆದು ಸುಮ್ಮನೆ ನನ್ನ ಖೋಲಿಗೆ ಹೋದೆ. ಮಷಿನ್ ಕಿಟಕಿಯ ಕೆಳಗಿತ್ತು. ಬಾಗಿಲು ಹಾಕಿ ಚಿಲಕ ಇಟ್ಟೆ. ಹೊರಗಿನ ಗದ್ದಲ ಅರ್ಧಕ್ಕಿಳಿಯಿತು. ಸ್ವಲ್ಪ ಹೊತ್ತು ಏನೂ ಮಾಡದೆ ಕೂತೆ. ಆಮೇಲೆ ರುಕ್ಮವ್ವನದೇ ಒಂದು ಬ್ಲೌಜು ತೆಗೆದುಕೊಂಡು ತೋಳು ಜೋಡಿಸತೊಡಗಿದೆ.

ಬಾಗಿಲು ಅಲುಗಿತು. ಇವರು ರೂಢಿಯಂತೆ ದೂಡಿದ್ದರು, ತೆರೆಯಲಿಲ್ಲ.

"ನಂದಾ, ಬಾಗಲಾ ತಗೀ. ಮುಧೋಳದ ಬೀಗರಿಗೆ ಖೋಲಿ ತೋರಸೂದೈತಿ."

ನಾನು ಮಷಿನ್ ತುಳಿದೆ. ಹೊರಗೆ ಯಾರೋ ಕೆಮ್ಮಿದರು. ಬೀಗರ ಚಪ್ಪಲಿಯ ಸದ್ದು ಹಾಲಿನ ಕಡೆ ಸರಿಯಿತು. ಇವರು ಮಾತ್ರ ಅಲ್ಲೇ ನಿಂತಿದ್ದರು, ಬಾಗಿಲ ಕೆಳಗಿನ ಸಂದಿಯಲ್ಲಿ ಕಾಲು ಕಾಣುತ್ತಿದ್ದವು. ತುಸು ಹೊತ್ತಿನ ಮೇಲೆ ಬೆರಳ ಗೆಣ್ಣಿನಿಂದ ಮೆಲ್ಲಗೆ ಬಡಿದ ಸದ್ದಾಯಿತು.

"ನಂದಾ... ಒಳಗ ಬರ್ಲ್ಯಾ?"

ಮದುವೆಯಾದಾಗಿನಿಂದ ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಕಣ್ಣಿಗೆ ನೀರು ಬಂತು, ಸೂಜಿ ಕಾಣದಾಯಿತು. ಸೆರಗಿನಿಂದ ಒರೆಸಿಕೊಂಡು, "ತಾಳ್ರಿ, ಕೆಲಸದಾಗ ಅದೇನಿ" ಅಂದೆ.

ತೋಳು ಪೂರ್ತಿ ಹೊಲಿದು, ದಾರ ಕತ್ತರಿಸಿ, ಆಮೇಲೆ ಎದ್ದೆ.